ಇನ್ನೂ ತಡವಾಗಿಲ್ಲವಂತೆ!

ಹೆಂಗಸರನ್ನು ಸುಮ್ಮನಿರಿಸಲು ಮೊದಲೆಲ್ಲ ಗದರುತ್ತಿದ್ದರು. ಆಮೇಲೆ ಹೊಗಳತೊಡಗಿದರು. ಇವೆರಡಕ್ಕಿಂತಲೂ ಒಳ್ಳೆಯ ಉಪಾಯವೊಂದು ಈಗ ಚಾಲ್ತಿಯಲ್ಲಿದೆ: 'ಇನ್ನೂ ತಡವಾಗಿಲ್ಲ' ಎನ್ನುವುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವುದೇ ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ಹೋಗಿ ನೋಡಿ. ಪ್ರಾರ್ಥನೆ, ಸ್ವಾಗತ, ವರದಿವಾಚನ ಮುಗಿದು ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತರೆ ಐದನೇ ನಿಮಿಷಕ್ಕೆ ಈ ಮಾತು ಬಂದೇ ಬರುತ್ತದೆ. "ಮೊದಲು ಮನೆ, ಮಕ್ಕಳು, ಸಂಸಾರ. ಅದು ಒಂದು ದಡ ಸೇರಲಿ. ಆಮೇಲೆ ನಿಮ್ಮ ಪ್ರತಿಭೆಗೆ ಯಾರ ಅಡ್ಡಿಯೂ ಇಲ್ಲ. ಕಲೆಗೆ ವಯಸ್ಸಿನ ಹಂಗಿಲ್ಲ." ನಾವು ಚಪ್ಪಾಳೆ ತಟ್ಟುತ್ತೇವೆ. ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತ ಇಪ್ಪತ್ತೈದರ ಹುಡುಗಿಯೂ ತಟ್ಟುತ್ತಾಳೆ. ತನ್ನ ಅರ್ಜಿಗೆ ಆಗಷ್ಟೇ ಮೂವತ್ತೈದು ವರ್ಷಗಳ ವಾಯಿದೆ ಬಿದ್ದಿದೆ ಎಂದು ಅವಳಿಗೆ ಹೊಳೆದಿರುವುದಿಲ್ಲ.

ಇಂಥ ಭಾಷಣಗಳಿಗೆ ಒಗ್ಗುವ ಉದಾಹರಣೆಗಳು ಬೇಕಾದಷ್ಟಿವೆ. ಅರವತ್ತಾದ ಮೇಲೆ ವೀಣೆ ಕಲಿತವರು, ಎಪ್ಪತ್ತರಲ್ಲಿ ಪದವಿ ಪಡೆದವರು. ಈಗ ಇನ್ನೊಂದು ಸೇರಿಕೊಳ್ಳಬಹುದೆಂಬ ಭಯ ನನಗೆ. ಲಂಡನ್ನಿನಲ್ಲಿರುವ ನನ್ನ ಅಕ್ಕನ ಮಗಳು ರಜೆಗೆ ಬಂದಾಗ ಒಂದು ಪುಸ್ತಕ ತಂದಿದ್ದಳು. 2024ರಲ್ಲಿ ಅಲ್ಲಿನ ಡಲ್ವಿಚ್ ಚಿತ್ರಶಾಲೆಯಲ್ಲಿ ಜಪಾನಿನ ಯೋಶಿದಾ ಮನೆತನದ ಮೂರು ತಲೆಮಾರಿನವರ ಮರದಚ್ಚಿನ ಚಿತ್ರಗಳ ಪ್ರದರ್ಶನವಾಗಿತ್ತು, ಅದರದ್ದು. ಹಾಳೆ ತಿರುವಿ ಒಂದು ಕೆಂಪು ಹೂವಿನ ಚಿತ್ರ ತೋರಿಸಿ, "ಚಿಕ್ಕಮ್ಮಾ, ಇವರು ಇದನ್ನೆಲ್ಲ ಮಾಡಿದ್ದು ಅರವತ್ತೈದು ದಾಟಿದ ಮೇಲೆ. ನಿಮಗೆ ಇನ್ನೂ ತಡವಾಗಲಿಲ್ಲ" ಎಂದಳು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಪುಸ್ತಕ ಓದಿ, ಆಮೇಲೆ ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಆ ಹೂವು ತಡವಾಗಿ ಅರಳಿದ್ದೇ ಅಲ್ಲ.

ಆಕೆಯ ಹೆಸರು ಫುಜಿಯೊ ಯೋಶಿದಾ. (ನನಗಿಂತ ಎಷ್ಟೋ ಹಿರಿಯಳನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ನಮ್ಮ ಮನೆಯವಳೇ ಅನಿಸಿಬಿಟ್ಟಿದ್ದರಿಂದ ಹಾಗೆ.) ಹುಟ್ಟಿದ್ದು 1887ರಲ್ಲಿ, ಜಪಾನಿನ ಫುಕುವೊಕಾದಲ್ಲಿ. ತಂದೆ ಪಾಶ್ಚಾತ್ಯ ಶೈಲಿಯ ಚಿತ್ರಕಲೆಯ ಮೇಷ್ಟ್ರು. ಅವರು ತಮ್ಮ ಶಿಷ್ಯರಲ್ಲಿ ಒಬ್ಬ ಬುದ್ಧಿವಂತ ಹುಡುಗನನ್ನು 1891ರಲ್ಲಿ ದತ್ತು ತೆಗೆದುಕೊಂಡರು. ಅವನೇ ಹಿರೋಶಿ. ಮೂರು ವರ್ಷದಲ್ಲಿ ತಂದೆ ತೀರಿಹೋಗಿ ಸಂಸಾರದ ಭಾರ ಆ ಹುಡುಗನ ಹೆಗಲಿಗೆ ಬಿತ್ತು. ಫುಜಿಯೊ ಅವನ ಬೆನ್ನಿಗೇ ಚಿತ್ರ ಕಲಿತಳು. 1903ರ ಕೊನೆಯಲ್ಲಿ ಇಬ್ಬರೂ ಅಣ್ಣ-ತಂಗಿಯರಾಗಿ ಅಮೆರಿಕಕ್ಕೆ ಹಡಗು ಹತ್ತಿದಾಗ ಅವಳಿಗೆ ಹದಿನಾರು ವರ್ಷ. ಬಾಸ್ಟನ್ ಮೊದಲಾದ ಊರುಗಳಲ್ಲಿ ಇಬ್ಬರ ಜಲವರ್ಣ ಚಿತ್ರಗಳನ್ನೂ ಒಟ್ಟಿಗೆ ತೂಗುಹಾಕಿದರು, ಮಾರಿದರು, ಆ ದುಡ್ಡಿನಲ್ಲಿ ಮುಂದಿನ ಊರಿಗೆ ಹೋದರು. ಅಲ್ಲಿಂದ ಯುರೋಪು, ಈಜಿಪ್ಟು. ಊರಿಗೆ ಮರಳಿದ್ದು 1907ರಲ್ಲಿ. ಆ ವರ್ಷ ಅವರಿಬ್ಬರಿಗೆ ಮದುವೆಯಾಯಿತು.

ಲೆಕ್ಕ ಹಾಕಿ. ಇಪ್ಪತ್ತು ತುಂಬುವ ಮೊದಲೇ ಮೂರು ಖಂಡಗಳನ್ನು ನೋಡಿ, ತನ್ನ ಚಿತ್ರ ಮಾರಿ ಬದುಕಿದವಳು. ಇವಳಿಗೆ ಅರವತ್ತೈದರಲ್ಲಿ ಕಲೆ 'ಹುಟ್ಟಿತು' ಎನ್ನುವುದಕ್ಕೆ ಎಂಥ ಧೈರ್ಯ ಬೇಕು!

ಆ ಪ್ರದರ್ಶನಗಳ ನೆರಳು ಜಪಾನಿನ ಒಂದು ಪ್ರಸಿದ್ಧ ಕಾದಂಬರಿಯಲ್ಲೂ ಬಿದ್ದಿದೆ. ನತ್ಸುಮೆ ಸೋಸೆಕಿ 1908ರಲ್ಲಿ ಬರೆದ 'ಸನ್‌ಶಿರೊ'ದಲ್ಲಿ ನಾಯಕ ಮತ್ತು ಅವನು ಮೆಚ್ಚಿದ ಹುಡುಗಿ ಒಂದು ಚಿತ್ರಪ್ರದರ್ಶನಕ್ಕೆ ಹೋಗುತ್ತಾರೆ. ಬಹುಕಾಲ ಪರದೇಶ ಸುತ್ತಿ ಬಂದ ಅಣ್ಣ-ತಂಗಿಯ ಚಿತ್ರಗಳು. ಒಂದೇ ಮನೆತನದ ಹೆಸರು, ಒಂದೇ ಗೋಡೆ. ಇವರು ಯೋಶಿದಾ ಅಣ್ಣ-ತಂಗಿಯೇ ಎಂದು ಬಲ್ಲವರು ಹೇಳುತ್ತಾರೆ. ನಾಯಕ ಎಲ್ಲವನ್ನೂ ನೋಡಿಕೊಂಡು ಹೋಗುತ್ತಾನೆ. ಅಲ್ಲಿ ಎರಡು ಕೈಗಳಿವೆ ಎಂಬುದೇ ಅವನ ಗಮನಕ್ಕೆ ಬಂದಿರುವುದಿಲ್ಲ. ಅವನಿಗೆ ಎಲ್ಲವೂ ಒಬ್ಬರದೇ. ಎರಡು ಕೈಗಳನ್ನು ಗುರುತಿಸುವುದು ಹುಡುಗಿ. ಗುರುತಿಸಿ ಅವಳು ಹೇಳುವುದೇನು ಗೊತ್ತೇ? ಅಣ್ಣನದೇ ಎಷ್ಟೋ ಚೆನ್ನಾಗಿದೆ, ಎಂದು.

ಗಂಡಸು ಕಾಣಲಿಲ್ಲ, ಹೆಂಗಸು ಕಂಡು ಕೆಳಗಿಟ್ಟಳು. ನಾವು ಹಳೆಯ ಶಿಷ್ಯವೃತ್ತಿ, ಸಂಬಳ, ಆಸ್ತಿ ಎಂದು ಗಂಡಸರ ಮೇಲೆ ಲೆಕ್ಕ ಬರೆಯುವಾಗ ನಮ್ಮ ಪಾಲಿನ ಈ ಸಾಲನ್ನೂ ಬರೆಯಬೇಕು. "ಅವಳೇನೋ ಚಂದ ಬಿಡಿಸುತ್ತಾಳೆ, ಆದರೆ ಅವಳ ಗಂಡನ ಕೈ ಬೇರೆಯೇ" ಎಂಬ ಮಾತನ್ನು ಬಂಟ್ವಾಳದ ಪೇಟೆಯಲ್ಲಿ ನಾನು ಕೇಳಿದ್ದು ಹೆಂಗಸರ ಬಾಯಿಂದಲೇ.

ಮದುವೆಯಾದ ಮೇಲಿನ ಕತೆ ನಮಗೆಲ್ಲ ಗೊತ್ತಿರುವಂಥದ್ದೇ. ಮೊದಲ ಮಗಳು ಎಳವೆಯಲ್ಲೇ ತೀರಿಕೊಂಡಳು. 1911ರಲ್ಲಿ ಹುಟ್ಟಿದ ಮಗ ತೋಶಿಗೆ ಹಾಲುಗಲ್ಲದ ವಯಸ್ಸಿನಲ್ಲೇ ಪೋಲಿಯೋ ತಗಲಿ ಒಂದು ಕಾಲು ಸ್ವಾಧೀನ ತಪ್ಪಿತು. ಎರಡನೆಯ ಮಗ ಹೊದಾಕಾ ಹುಟ್ಟಿದ್ದು 1926ರಲ್ಲಿ. ಫುಜಿಯೊ ಚಿತ್ರ ಬಿಡಲಿಲ್ಲ. ಮನೆಯ ಹೂವು, ತರಕಾರಿಗಳನ್ನು ಬಣ್ಣದಲ್ಲಿ ಬರೆದಳು. 1918ರಲ್ಲಿ ಜಪಾನಿನ ಚಿತ್ರಗಾರ್ತಿಯರು ತಮ್ಮದೇ ಒಂದು ಸಂಘ ಕಟ್ಟಿದಾಗ ಅದರಲ್ಲಿ ಮುಂದೆ ನಿಂತಳು. ಗಂಡ ಹಿರೋಶಿಯೂ ಕೆಟ್ಟವನಲ್ಲ. 1923ರಲ್ಲಿ ಟೋಕಿಯೋ ನೆಲಸಮವಾದ ಆ ದೊಡ್ಡ ಭೂಕಂಪದ ನಂತರ ಅಮೆರಿಕ, ಯುರೋಪುಗಳಿಗೆ ಹೊರಟಾಗ ಅವಳನ್ನೂ ಕರೆದುಕೊಂಡೇ ಹೋದ. ಹೊಡೆಯಲಿಲ್ಲ, ಬೈಯಲಿಲ್ಲ, ಕುಂಚ ಮುರಿದು ಹಾಕಲಿಲ್ಲ. ತೊಂದರೆಯಿರುವುದು ಅಲ್ಲೇ. ಕೆಟ್ಟ ಗಂಡನ ಎದುರು ದೂರು ಕೊಡಬಹುದು, ಊರು ಸೇರಬಹುದು. ಒಳ್ಳೆಯ ಗಂಡನ ಮನೆಯಲ್ಲಿ ಹೆಂಡತಿಯ ನಲವತ್ತು ವರ್ಷ ಎಲ್ಲಿ ಸೋರಿಹೋಯಿತೆಂದು ಯಾರನ್ನು ಕೇಳುವುದು?

ಪ್ರವಾಸದಿಂದ ಬಂದವನೇ ಹಿರೋಶಿ 1925ರಲ್ಲಿ ಮರದಚ್ಚಿನ ಚಿತ್ರಗಳಿಗಾಗಿ ಸ್ವಂತ ಕಾರ್ಯಾಗಾರ ತೆರೆದ. ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನನ್ನ ಜಗಳವೆಲ್ಲ ಆ ವಿವರದಲ್ಲೇ ಅಡಗಿದೆ.

ಜಪಾನಿನಲ್ಲಿ ಹಿಂದಿನಿಂದಲೂ ಇದು ನಾಲ್ವರ ಕೆಲಸ. ಚಿತ್ರ ಬರೆಯುವವನೊಬ್ಬ, ಮರ ಕೆತ್ತುವವನೊಬ್ಬ, ಅಚ್ಚೊತ್ತುವವನೊಬ್ಬ, ದುಡ್ಡು ಹಾಕಿ ಮಾರುವವನೊಬ್ಬ. 1904ರಲ್ಲಿ ಯಾಮಾಮೊತೊ ಕನಾಯೆ ಎಂಬ ತರುಣ ಒಬ್ಬ ಮೀನುಗಾರನ ಚಿತ್ರವನ್ನು ತಾನೇ ಬರೆದು, ತಾನೇ ಕೆತ್ತಿ, ತಾನೇ ಒತ್ತಿದ ಮೇಲೆ ಎಲ್ಲವನ್ನೂ ಒಬ್ಬನೇ ಮಾಡುವ ಹೊಸ ಪಂಥ ಹುಟ್ಟಿತು. ಹಿರೋಶಿ ಎರಡರ ನಡುವಿನವನು. ಕೆತ್ತುವವರನ್ನೂ ಒತ್ತುವವರನ್ನೂ ಇಟ್ಟುಕೊಂಡು, ಪಕ್ಕದಲ್ಲಿ ಕೂತು ಪ್ರತಿ ಹಾಳೆಯನ್ನೂ ತಾನೇ ಪರೀಕ್ಷಿಸಿ, ಅಂಚಿನಲ್ಲಿ 'ಸ್ವತಃ ಒತ್ತಿದ್ದು' ಎಂಬ ಮುದ್ರೆ ಹಾಕುತ್ತಿದ್ದ. ತೆಳು ಕಾಗದದ ಮೇಲೆ ಬರೆದ ಚಿತ್ರವನ್ನು ಕಾಡು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸುತ್ತಾರೆ. ಗೆರೆಯನ್ನು ಉಳಿಸಿ ಉಳಿದದ್ದನ್ನು ಕೆತ್ತಿ ತೆಗೆಯುತ್ತಾರೆ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು. ನೀರಿನಲ್ಲಿ ಕಲಸಿದ ಬಣ್ಣಕ್ಕೆ ಅಕ್ಕಿಯ ಅಂಟು ಬೆರೆಸಿ ಅಚ್ಚಿನ ಮೇಲೆ ಬ್ರಶ್ಶಿನಿಂದ ಹರಡಿ, ಅದರ ಮೇಲೆ ಒದ್ದೆ ಮಾಡಿದ ಕಾಗದ ಇಟ್ಟು, ಬಿದಿರಿನ ಪೊರೆ ಹೊದಿಸಿದ ಅಂಗೈಯಗಲದ ಬಿಲ್ಲೆಯಿಂದ ಬೆನ್ನನ್ನು ಉಜ್ಜುತ್ತಾರೆ. ಯಂತ್ರವಿಲ್ಲ, ತೋಳಿನ ಬಲವೊಂದೇ. ನಿಕ್ಕೋ ದೇಗುಲದ ಬಾಗಿಲಿನ ಒಂದು ಚಿತ್ರಕ್ಕೆ 1937ರಲ್ಲಿ ಹಿರೋಶಿ ಒಂದೇ ಹಾಳೆಯ ಮೇಲೆ 96 ಸಲ ಒತ್ತಿಸಿದ. ಪ್ರತಿ ಸಲವೂ ಕಾಗದ ಕೂದಲೆಳೆಯಷ್ಟೂ ಜರುಗದಂತೆ ಕೂರಬೇಕು. ಅದಕ್ಕಾಗಿ ಹಲಗೆಯ ಮೂಲೆಯಲ್ಲಿ ಒಂದು, ಅಂಚಿನಲ್ಲಿ ಒಂದು ಕಚ್ಚು ಮಾಡಿರುತ್ತಾರೆ.

ಇಲ್ಲಿ ಕೇಳಿ. ಕಾಗದ ಒಣಗಬಾರದು. ಒಣಗಿದರೆ ಕುಗ್ಗುತ್ತದೆ, ಕುಗ್ಗಿದರೆ ಕೆಂಪು ಕೂತ ಜಾಗದಲ್ಲಿ ಹಸಿರು ಕೂರುವುದಿಲ್ಲ. ಆದ್ದರಿಂದ ಒತ್ತಲು ಕೂತವರು ನಡುವೆ ಎದ್ದು ಹೋಗುವಂತಿಲ್ಲ. ಕುಕ್ಕರ್ ಕೂಗಿತು, ಹಾಲು ಉಕ್ಕಿತು, ಮಾವನಿಗೆ ಮಾತ್ರೆ ಕೊಡಬೇಕು, ಗ್ಯಾಸಿನವನು ಬಂದ, ಮಗುವಿಗೆ ಎಚ್ಚರವಾಯಿತು — ಇದಾವುದೂ ನಡೆಯುವುದಿಲ್ಲ. ಆ ಕೆಲಸಕ್ಕೆ ಇಡೀ ಹೊತ್ತು ಬೇಕು. ಬೆಳಗಿನಿಂದ ಸಂಜೆಯವರೆಗೆ, ಬಾಗಿಲು ಹಾಕಿಕೊಂಡ, ಯಾರೂ ಕರೆಯದ ಇಡೀ ಹೊತ್ತು. ಹೂವಿನ ಜಲವರ್ಣಕ್ಕೆ ಹಾಗಲ್ಲ. ಒಂದು ಎಸಳು ಬರೆದು ಎದ್ದು ಹೋಗಿ ಸಾರಿಗೆ ಒಗ್ಗರಣೆ ಕೊಟ್ಟು ಬಂದು ಇನ್ನೊಂದು ಎಸಳು ಬರೆಯಬಹುದು. ಮನೆಯೊಳಗೇ ಅಷ್ಟು ದೊಡ್ಡ ಕಾರ್ಯಾಗಾರವಿದ್ದೂ ಫುಜಿಯೊ ಹೆಸರಾದ ಮರದಚ್ಚುಗಳು ಹುಟ್ಟಲು 1950ರ ನಂತರದ ವರ್ಷಗಳೇ ಬರಬೇಕಾಯಿತೇಕೆ ಎಂದು ನಾನು ಯೋಚಿಸಿದ್ದೇನೆ. ಅವಳಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ, ಕೈಗೆ ಕೊರತೆಯಿರಲಿಲ್ಲ. ಹಿರೋಶಿಗೆ ಸಿಕ್ಕಿದ್ದು ಇಡೀ ಹೊತ್ತು. ಅವಳಿಗೆ ಸಿಕ್ಕಿದ್ದು ತುಂಡು ಹೊತ್ತು. ಇದು ನನ್ನ ತೀರ್ಮಾನ. ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದರೆ ಅಡುಗೆಮನೆಯಲ್ಲಿ ನಲವತ್ತು ವರ್ಷ ಕಳೆದವರಿಗೆ ಇದನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ.

1930ರ ಚಳಿಗಾಲದಲ್ಲಿ ಹಿರೋಶಿ ನಮ್ಮ ದೇಶಕ್ಕೂ ಬಂದಿದ್ದ. ತಾಜಮಹಲು, ಕಾಶಿಯ ಘಾಟು, ಅಜಂತಾ, ಎಲ್ಲೋರಾ, ಮಧುರೆಯ ದೇವಸ್ಥಾನ ಎಲ್ಲವನ್ನೂ ಅವನ ಮರದಚ್ಚುಗಳಲ್ಲಿ ನೋಡಬಹುದು. ಬೆಳದಿಂಗಳ ತಾಜಮಹಲನ್ನು ನೋಡಿದರೆ ಮಾತು ಹೊರಡುವುದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಆ ಸಲ ಜೊತೆಗೆ ಬಂದವನು ಮಗ ತೋಶಿ. ಫುಜಿಯೊ ಬರಲಿಲ್ಲ. ಮನೆಯಲ್ಲಿ ನಾಲ್ಕು ವರ್ಷದ ಹೊದಾಕಾ ಇದ್ದ.

ಈಗ ನಮ್ಮ ಮನೆಗಳ ಕಡೆ ತಿರುಗಿ ನೋಡಿ. ನಮ್ಮ ಹೆಂಗಸರಿಗೆ ಒಲಿದ ಕಲೆಗಳು ಯಾವುವು? ರಂಗೋಲಿ, ಕಸೂತಿ, ಕ್ರೋಶಾ, ಮಲ್ಲಿಗೆ ಕಟ್ಟುವುದು, ಹಳೆ ಸೀರೆಯ ಕೌದಿ. ಎಲ್ಲವೂ ಎಲ್ಲಿ ಬೇಕಾದರೂ ನಿಲ್ಲಿಸಿ ಏಳಬಹುದಾದವು. ಇವು ನಮ್ಮ ಸ್ವಭಾವಕ್ಕೆ ಒಗ್ಗುವ ನಾಜೂಕಿನ ಕಲೆಗಳೆಂದು ದೊಡ್ಡವರು ಬರೆಯುತ್ತಾರೆ. ಸ್ವಭಾವದ ಮಾತಲ್ಲ ಇದು, ಸಮಯದ ಮಾತು. ಬೀಡಿಯನ್ನೇ ನೋಡಿ. ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಹಳ್ಳಿಯಲ್ಲೂ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಸಂಜೆಗೆ ಬ್ರಾಂಚಿಗೆ ಒಯ್ದು ಕೊಟ್ಟ ಹೆಂಗಸರಿಂದ ಎಷ್ಟು ಮನೆಗಳ ಮಾಡಿಗೆ ಹೆಂಚು ಬಂತು, ಎಷ್ಟು ಮಕ್ಕಳು ಓದಿದರು! ಆ ಉದ್ಯೋಗ ಮನೆಯ ಚಾವಡಿಗೇ ಬಂದು ಕೂತದ್ದೇಕೆ? ತಡ್ಪೆಯನ್ನು ಯಾವಾಗ ಬೇಕಾದರೂ ಬದಿಗಿಟ್ಟು ಏಳಬಹುದು, ಅದಕ್ಕೆ. ತುಂಡು ಹೊತ್ತಿಗೆ ತುಂಡು ಸಂಬಳ, ಸಾವಿರ ಬೀಡಿಗೆ ಇಷ್ಟು ಎಂದು. ಕೇಳಿದರೆ, "ಅವಳು ಮನೆಯಲ್ಲೇ ಇರುವುದು, ಕೆಲಸಕ್ಕೆ ಹೋಗುವುದಿಲ್ಲ" ಎಂಬ ಉತ್ತರ.

ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹುಡುಗ ಮುಂಬಯಿಗೆ ಹೋಗಿ ಕೆ. ಕೆ. ಹೆಬ್ಬಾರರಾದರು. ನಮಗೆಲ್ಲ ಹೆಮ್ಮೆ. ಅವರ ಓರಗೆಯ, ಅದೇ ಗದ್ದೆಬಯಲು ನೋಡಿ ಬೆಳೆದ, ಅಂಗಳದಲ್ಲಿ ಅವರಷ್ಟೇ ಖಚಿತವಾಗಿ ಗೆರೆ ಎಳೆಯುತ್ತಿದ್ದ ಹುಡುಗಿಯರ ಪೈಕಿ ಒಬ್ಬಳ ಹೆಸರು ಹೇಳಿ ನೋಡೋಣ. ಅವರ ಗೆರೆಯನ್ನು ಮರುದಿನ ಬೆಳಿಗ್ಗೆ ಅವರೇ ಗುಡಿಸಿ, ಸೆಗಣಿ ಸಾರಿಸಿದರು.

ನನ್ನ ದೊಡ್ಡಮ್ಮ ಅಂಥವರಲ್ಲೊಬ್ಬರು. ಬೆಳ್ತಂಗಡಿಯ ಒಳಗಿನ ಒಂದು ತೋಟದ ಮನೆ ಅವರದು. ಅಂಗಳದಲ್ಲಿ ಬರೆದು ಅಳಿಸಿದ್ದು ಸಾಲದೆಂದು ಮಕ್ಕಳ ಹಳೆ ನೋಟುಪುಸ್ತಕಗಳ ಖಾಲಿ ಬದಿಗಳಲ್ಲಿ ಅವರು ಬರೆಯುತ್ತಿದ್ದರು. ಬಳ್ಳಿ, ಹಕ್ಕಿ, ಅಡಿಕೆ ಸಿಂಗಾರ, ಸೋಗೆ ಹೊದೆಸಿದ ಮಾಡು, ತೆಂಗಿನ ಗರಿಯ ಒಂದೊಂದು ಕಡ್ಡಿ. ದೊಡ್ಡ ಕಾಗದದಲ್ಲಿ ಬಣ್ಣ ಹಾಕಿ ಬರೆಯಬೇಕೆಂಬ ಆಸೆಯಿತ್ತು. "ದೊಡ್ಡವಳ ಮದುವೆ ಒಂದು ಆಗಲಿ" ಎಂದರು. ಆಯಿತು. "ಅವಳ ಬಾಣಂತನ ಮುಗಿಯಲಿ." ಮುಗಿಯಿತು. "ಅತ್ತೆಯವರು ಮಲಗಿದಲ್ಲೇ ಇದ್ದಾರೆ, ಈಗ ಎಂತ ಚಿತ್ರ?" ಐವತ್ತೊಂಬತ್ತಕ್ಕೆ ದೊಡ್ಡಮ್ಮನೇ ಹೋದರು. ನೋಟುಪುಸ್ತಕಗಳು ಬಚ್ಚಲಿನ ಹಂಡೆಯ ಒಲೆಗೆ ಹೋದವೆಂದು ತಿಳಿದದ್ದು ಹದಿಮೂರನೆಯ ದಿನ. ಸುಟ್ಟವರು ಕೆಟ್ಟ ಉದ್ದೇಶದಿಂದ ಸುಟ್ಟದ್ದಲ್ಲ. ಹಳೆ ಶಾಲೆ ಪುಸ್ತಕ ಎಂದುಕೊಂಡರು. ಅದು ಹಳೆ ಶಾಲೆ ಪುಸ್ತಕವೇ ಆಗಿತ್ತಲ್ಲ! ಹೊಸ ಪುಸ್ತಕ ಒಂದನ್ನು ಯಾರೂ ಅವರಿಗೆ ತಂದುಕೊಟ್ಟಿರಲಿಲ್ಲ.

ಫುಜಿಯೊ ಬದುಕಿದ್ದು ಎಷ್ಟು ವರ್ಷ ಗೊತ್ತೇ? ತೊಂಬತ್ತೊಂಬತ್ತು. 1987ರಲ್ಲಿ ತೀರಿಕೊಂಡಳು. 'ತಡವಾಗಿಲ್ಲ' ಎನ್ನುವವರು ಈ ಅಂಕಿಯನ್ನು ನುಂಗಿಬಿಡುತ್ತಾರೆ. ಐವತ್ತೊಂಬತ್ತಕ್ಕೆ ಹೋಗಿದ್ದರೆ ಅವಳು ಯಾರಾಗಿ ಉಳಿಯುತ್ತಿದ್ದಳು? ಪ್ರಸಿದ್ಧ ಚಿತ್ರಕಾರನ ಹೆಂಡತಿ, ತಾನೂ ಹೂವಿನ ಚಿತ್ರ ಬರೆಯುತ್ತಿದ್ದಳು ಎಂದು ಒಂದು ಸಾಲು. ಆಯುಸ್ಸು ಎಂಬುದು ಲಾಟರಿ. ಲಾಟರಿ ಹೊಡೆದ ಒಬ್ಬಳನ್ನು ತೋರಿಸಿ ಊರಿನವರೆಲ್ಲ ಹೊಲ ಮಾರಿ ಟಿಕೇಟು ಕೊಳ್ಳಿ ಎಂದರೆ ಒಪ್ಪುತ್ತೀರಾ?

"ಜಪಾನೇ ಬೇರೆ, ಅಲ್ಲಿಯ ಹೆಂಗಸರ ಸ್ವಾತಂತ್ರ್ಯವೇ ಬೇರೆ" ಎಂದು ಒಬ್ಬರು ನನಗೆ ಹೇಳಿದರು. ಬೇರೆಯೇನೂ ಇರಲಿಲ್ಲ. ಫುಜಿಯೊ ಹುಡುಗಿಯಾಗಿದ್ದ ಕಾಲದಲ್ಲಿ ಅಲ್ಲಿನ ಸರಕಾರ ಹೆಣ್ಣುಮಕ್ಕಳ ಶಾಲೆಗಳಿಗೆ ಕೊಟ್ಟ ಗುರಿಯೇ 'ಒಳ್ಳೆಯ ಹೆಂಡತಿ, ಜಾಣ ತಾಯಿ' ಎಂಬುದು. ಜಪಾನಿನ ಹೆಂಗಸರು ಮೊದಲ ಸಲ ವೋಟು ಹಾಕಿದ್ದು 1946ರ ಏಪ್ರಿಲಿನಲ್ಲಿ. ಆಗ ಫುಜಿಯೊಗೆ ಐವತ್ತೆಂಟು. ಹದಿನಾರಕ್ಕೆ ಅಮೆರಿಕದಲ್ಲಿ ಚಿತ್ರ ಮಾರಿದವಳಿಗೆ ತನ್ನ ಊರಿನಲ್ಲಿ ಮತಪತ್ರ ಸಿಕ್ಕಲು ನಲವತ್ತೆರಡು ವರ್ಷ ಹಿಡಿಯಿತು.

ಇನ್ನೊಂದು ವಾದ ಇದಕ್ಕಿಂತ ನಯವಾದದ್ದು: "ಅಡುಗೆಯೂ ಒಂದು ಕಲೆಯಲ್ಲವೇ? ಮನೆ ನಡೆಸುವುದಕ್ಕಿಂತ ದೊಡ್ಡ ಸೃಷ್ಟಿ ಯಾವುದು?" ಸರಿ ಸ್ವಾಮಿ, ಕಲೆಯೇ. ಆದರೆ ನಾನು ಎರಡು ಗಂಟೆ ರಜೆ ಕೇಳಿದ ದಿನ ಮಾತ್ರ ಅದು ಕಲೆಯಾಗುವುದೇಕೆ? ಬಾಕಿ ದಿನ ಸಾರಿಗೆ ಉಪ್ಪು ಕಡಿಮೆಯಾದರೆ ಯಾವ ಕಲಾವಿಮರ್ಶಕನೂ ಆ ಭಾಷೆ ಆಡುವುದಿಲ್ಲ. ಇದು ಮರ್ಯಾದೆಯಲ್ಲ, ಲಂಚ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದಾಗ ಕೈಕಸುಬಿಗೆ ಹೊಗಳಿಕೆಯ ಹಾರ ಹಾಕಿ ಸುಮ್ಮನಾಗಲಿಲ್ಲ. ಅಂಗಡಿ ಬೇಕು, ಮಾರುಕಟ್ಟೆ ಬೇಕು, ಮಾಡಿದವರಿಗೆ ದುಡ್ಡು ಮುಟ್ಟಬೇಕು ಎಂದು ಓಡಾಡಿದರು. ನಮ್ಮೂರ ಕಡೆಯವರೇ ತೋರಿಸಿಕೊಟ್ಟ ದಾರಿ ನಮಗೆ ನೆನಪಿಲ್ಲ.

ಹಿರೋಶಿ 1950ರಲ್ಲಿ ತೀರಿಕೊಂಡ. ಆ ಹೊತ್ತಿಗೆ ಫುಜಿಯೊ ಕಂಡದ್ದನ್ನು ಕಂಡಂತೆ ಬರೆಯುವುದನ್ನು ಬಿಟ್ಟು ಬೇರೆ ದಾರಿಗೆ ಹೊರಳಿದ್ದಳು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಮಾಡಿದ ಹೂವಿನ ಮರದಚ್ಚುಗಳನ್ನು ನೋಡಬೇಕು ನೀವು. ಐರಿಸ್, ಕ್ಯಾನಾ. ಕ್ಯಾನಾ ಎಂದರೆ ನಮ್ಮ ಕಾಬಾಳೆ. ಬಾವಿಕಟ್ಟೆಯ ನೀರು ಹರಿದು ಹೋಗುವಲ್ಲಿ ಯಾರೂ ನೆಡದೆ ಬೆಳೆಯುತ್ತದಲ್ಲ, ಅದೇ. ಹೂದಾನಿಯಿಲ್ಲ, ಎಲೆಯಿಲ್ಲ, ಹಿನ್ನೆಲೆಯಿಲ್ಲ. ಹೂವಿನ ಒಡಲೊಳಗೇ ಹೊಕ್ಕಂತೆ ಹಾಳೆಯ ತುಂಬ ಎಸಳು. ಕೆಂಪಿನೊಳಗೆ ಇನ್ನೊಂದು ಕೆಂಪು, ಅದರೊಳಗೆ ಕತ್ತಲು. ಅಂಚು ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ನಲವತ್ತು ವರ್ಷ ಟೇಬಲ್ಲಿನ ಮೇಲೆ ಹೂವಿಟ್ಟು ನಾಜೂಕಾಗಿ ಬರೆದವಳ ಕೈಯಿಂದ ಇದು ಬಂತೇ ಎಂದು ಬೆಚ್ಚಬೇಕು. ಅಂದಮಾತ್ರಕ್ಕೆ 'ಕಾದದ್ದು ಒಳ್ಳೆಯದೇ ಆಯಿತು, ಹಣ್ಣಾಗಿ ಬಂತು' ಎಂದು ಯಾರಾದರೂ ಹೇಳಿದರೆ ನನಗೆ ತಡೆಯುವುದಿಲ್ಲ. ಇಂಥ ಹೂವುಗಳನ್ನು ಮೂವತ್ತರಲ್ಲಿ, ನಲವತ್ತರಲ್ಲಿ ಮಾಡುವವಳು ಏನೇನು ಮಾಡುತ್ತಿದ್ದಳೆಂಬುದು ನಮಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಆ ಹಲಗೆಗಳನ್ನು ಕೆತ್ತಿದವರಿಲ್ಲ.

ಆ ಮನೆಯಿಂದ ಕಲಿಯಬೇಕಾದದ್ದು ಬೇರೆಯೇ ಒಂದಿದೆ, ಅದನ್ನು ಯಾವ ಭಾಷಣಕಾರರೂ ಹೇಳುವುದಿಲ್ಲ. 1953ರಲ್ಲಿ ಕಿರಿಯ ಮಗ ಹೊದಾಕಾ ಮದುವೆಯಾದದ್ದು ಚಿಜುಕೊ ಎಂಬ ಚಿತ್ರಗಾರ್ತಿಯನ್ನು. 1924ರಲ್ಲಿ ಹುಟ್ಟಿದವಳು. ಅತ್ತೆ ಅರವತ್ತಾರರಲ್ಲಿ ಮರದಚ್ಚು ಮಾಡುತ್ತಿದ್ದ ಕಾಲಕ್ಕೇ ಸೊಸೆ ಇಪ್ಪತ್ತೊಂಬತ್ತರಲ್ಲಿ ಅದೇ ಕೆಲಸ ಮಾಡುತ್ತಿದ್ದಳು. 1956ರಲ್ಲಿ ಚಿಜುಕೊ ಮತ್ತು ಅವಳ ಗೆಳತಿಯರು ಜಪಾನಿನ ಮಹಿಳಾ ಅಚ್ಚುಚಿತ್ರ ಸಂಘವನ್ನು ಕಟ್ಟಿದರು. ಸಮುದ್ರದಲ್ಲಿ ತೇಲಿ ಬಂದ ಮರದ ತುಂಡುಗಳ ಎಳೆಯನ್ನೇ ಕಾಗದಕ್ಕೆ ಇಳಿಸಿ ಆಮೇಲೆ ಬಹಳ ಹೆಸರಾದ ಇವಾಮಿ ರೇಯ್ಕಾ ಕೂಡ ಅದರಲ್ಲಿದ್ದಳು. ಗಂಡಸರ ಸಂಘಗಳು ಒಂದು ಮೂಲೆ ಕೊಟ್ಟಾವೆಂದು ಅವರು ಕಾಯಲಿಲ್ಲ. ಸಂಘ ನಡೆದದ್ದು ಸುಮಾರು ಹತ್ತು ವರ್ಷ. ಅಷ್ಟರಲ್ಲಿ ಅವರ ಕೆಲಸ ಹೊರದೇಶಗಳನ್ನೂ ತಲುಪಿತ್ತು. ಚಿಜುಕೊಗೆ ಇಬ್ಬರು ಮಕ್ಕಳಾದರು. 1958ರಲ್ಲಿ ಹುಟ್ಟಿದ ಮಗಳು ಅಯೋಮಿ ಇವತ್ತು ಮರ ಕೆತ್ತಿದಾಗ ಉದುರುವ ಚೆಕ್ಕೆಗಳನ್ನೂ ಬಿಡದೆ ಕೋಣೆ ತುಂಬುವಂಥ ಕೃತಿಗಳನ್ನು ಮಾಡುವ ಕಲಾವಿದೆ. ಚಿಜುಕೊ ಅರವತ್ತರವರೆಗೆ ಕಾಯಲಿಲ್ಲ. ಕಾಯಬೇಕೆಂದು ಹೇಳಲು ಆ ಮನೆಯಲ್ಲಿ ಆಗ ಯಾರಿಗೂ ಬಾಯಿರಲಿಲ್ಲ. ಕಾದು ಕಾದು ನೋಡಿದವಳು ಎದುರಿಗೇ ಕೂತು ಮರದಚ್ಚು ಮಾಡುತ್ತಿದ್ದಳು.

ಹಾಗಾದರೆ ನಮ್ಮ ಮನೆಗಳಲ್ಲಿ ಇಡೀ ಹೊತ್ತು ಕೊಡುವ ಶಕ್ತಿ ಇಲ್ಲವೇ? ಉಂಟು. ಹಪ್ಪಳದ ದಿನ ನೆನಪು ಮಾಡಿಕೊಳ್ಳಿ. ಮೇ ತಿಂಗಳಲ್ಲಿ ಹಲಸಿನಕಾಯಿ ಬೇಯಿಸಿ ಕಡೆದು ಉಂಡೆ ಮಾಡಿ, ಎಣ್ಣೆ ಸವರಿ ಮಣೆಯಡಿ ಒತ್ತಿ ಚಾಪೆಯ ಮೇಲೆ ಹರಡುವ ದಿನ ಯಾವ ಗಂಡಸೂ ಹೆಂಡತಿಯನ್ನು ನಡುವೆ ಕರೆದು ಎಬ್ಬಿಸುವುದಿಲ್ಲ. ಹಿಟ್ಟು ಒಣಗಿದರೆ ಹಪ್ಪಳ ಒಡೆಯುತ್ತದೆಂದು ಅವನಿಗೂ ಗೊತ್ತು, ಜಪಾನಿನ ಕಾಗದದ ಹಾಗೆಯೇ. ಮಕ್ಕಳು ಕಾಗೆ ಓಡಿಸುತ್ತಾರೆ, ಮಾವ ಚಾಪೆ ಎಳೆದು ಬಿಸಿಲಿಗೆ ಹಾಕುತ್ತಾರೆ, ಮಧ್ಯಾಹ್ನ ಗಂಜಿ-ಚಟ್ನಿಯಲ್ಲಿ ಎಲ್ಲರ ಊಟ ಮುಗಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಇಡೀ ಮನೆ ಹೆಂಗಸಿನ ಕೆಲಸದ ಸುತ್ತ ತಿರುಗುತ್ತದೆ. ಮನೆಗೆ ತಿನ್ನಲಿಕ್ಕಿರುವಾಗ ಸಿಗುವ ಹೊತ್ತು ಅವಳಿಗೆ ಬೇಕಾದಾಗ ಮಾತ್ರ ಸಿಗುವುದಿಲ್ಲ, ಇಷ್ಟೇ.

ಈ ಸಲ ನಮ್ಮ ಸಮಾಜದ ಸಮಿತಿ ಸಭೆಯಲ್ಲಿ ರಂಗೋಲಿ ಸ್ಪರ್ಧೆಯ ವಿಷಯ ಬಂತು. ಕ್ರಮ ನಿಮಗೆ ಗೊತ್ತೇ ಇದೆ. ಒಂದು ಗಂಟೆ ಸಮಯ, ಮೂರು ಅಡಿ ಜಾಗ, ಪ್ರಥಮ ಬಹುಮಾನ ಸ್ಟೀಲಿನ ಡಬ್ಬ, ದ್ವಿತೀಯ ಪ್ಲಾಸ್ಟಿಕ್ ಬೇಸಿನ್. ಬಹುಮಾನವನ್ನೂ ಅಡುಗೆಮನೆಗೇ ಕಳಿಸುವ ಸ್ಪರ್ಧೆ ಬೇರೆ ಯಾವುದಾದರೂ ಇದೆಯೇ? ಕಬಡ್ಡಿ ಗೆದ್ದ ಹುಡುಗರಿಗೆ ಬೇಸಿನ್ ಕೊಟ್ಟದ್ದನ್ನು ನಾನು ನೋಡಿಲ್ಲ. ಸಾಯಂಕಾಲ ಅತಿಥಿಗಳ ಮೆರವಣಿಗೆ ಅದೇ ರಂಗೋಲಿಯ ಮೇಲೆ ಹಾದು ಹೋಗುತ್ತದೆ. ನಾನು ಹೇಳಿದೆ: ಈ ವರ್ಷ ಡಬ್ಬವೂ ಬೇಡ, ಒಂದು ಗಂಟೆಯೂ ಬೇಡ. ಶಾಲೆಗೆ ರಜೆಯಿರುವ ಒಂದು ಭಾನುವಾರ ಸಭಾಭವನದ ಬಾಗಿಲು ತೆರೆಯೋಣ. ಮೇಜು, ದಪ್ಪ ಕಾಗದ, ಬಣ್ಣ ಸಮಾಜದ ದುಡ್ಡಿನಲ್ಲಿ ತರೋಣ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಬರೆಯಲಿ. ಬರೆದದ್ದರ ಕೆಳಗೆ ಅವರವರ ಹೆಸರು ಇರಲಿ, 'ಶ್ರೀಮತಿ ಇಂಥವರು' ಎಂದು ಗಂಡನ ಹೆಸರಲ್ಲ. ಒಂದು ವಾರ ಗೋಡೆಯಲ್ಲಿ ಇರಲಿ. ಕೊಳ್ಳುವವರಿದ್ದರೆ ದುಡ್ಡು ಕೊಟ್ಟು ಕೊಳ್ಳಲಿ. ಇಪ್ಪತ್ತೈದರ ಹುಡುಗಿಯರಿಗೆ ಮೊದಲ ಅವಕಾಶ. ನಮ್ಮಂಥವರು ಕೂಸುಗಳನ್ನು ನೋಡಿಕೊಳ್ಳೋಣ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಾರ್ಯದರ್ಶಿಗಳು ಪೆನ್ನು ಕೆಳಗಿಟ್ಟು, "ಅಲ್ಲ ಅಕ್ಕ, ಇಡೀ ದಿನ ಅಂದ್ರೆ ಮಧ್ಯಾಹ್ನ ಮನೆಯವರ ಊಟಕ್ಕೆ ಎಂತ ಮಾಡುವುದು?" ಎಂದು ಕೇಳಿದರು.

"ಗಂಜಿ-ಚಟ್ನಿ" ಎಂದೆ.